ದಾಳ, ಚೀಟಿ, ಓ.ಸಿ.: ಕನ್ನಡ ನಾಡಿನ ಜೂಜು ಕಾನೂನಿನ ಚರಿತ್ರೆ

ನಮ್ಮ ಧರ್ಮಕೇಂದ್ರದ ಪಾಲಕ ಸಂತರ ಹಬ್ಬಕ್ಕೆ ಇನ್ನೂ ಆರು ವಾರ ಇರುವಾಗಲೇ ಲಕ್ಕಿ ಡಿಪ್ ಪುಸ್ತಕಗಳು ಮನೆಮನೆಗೆ ಬಂದುಬಿಡುತ್ತವೆ. ಪುಸ್ತಕಕ್ಕೆ ಇಪ್ಪತ್ತು ಚೀಟಿ. ಮೊದಲ ಬಹುಮಾನ ಫ್ರಿಜ್ಜು, ಕೊನೆಯದು ಸ್ಟೀಲ್ ಬಿಂದಿಗೆ. ಕಳೆದ ಸಲ ಹಬ್ಬದ ಸಿದ್ಧತೆಯ ಸಭೆಯಲ್ಲಿ ಕಾನೂನು ಓದುತ್ತಿರುವ ಹುಡುಗಿಯೊಬ್ಬಳು ಎದ್ದು ನಿಂತು, "ಫಾದರ್, ಇದು ಲಾಟರಿಯಲ್ಲವೇ? ಕರ್ನಾಟಕದಲ್ಲಿ ಲಾಟರಿ ನಿಷೇಧವಲ್ಲವೇ?" ಎಂದು ಕೇಳಿದಳು. ಸಭೆಯೆಲ್ಲ ನಕ್ಕಿತು. ಗುರುಗಳೂ ನಕ್ಕರು. ಆಮೇಲೆ ನನ್ನತ್ತ ತಿರುಗಿ, "ಮೇಷ್ಟ್ರೇ, ನೀವು ಚರಿತ್ರೆ ಪಾಠ ಮಾಡಿದವರು, ಸ್ವಲ್ಪ ನೋಡಿ ಹೇಳಿ" ಎಂದರು. ನಿವೃತ್ತನಿಗೆ ಸಿಕ್ಕ ಕೆಲಸ. ಒಂದು ವಾರದಲ್ಲಿ ಮುಗಿದೀತೆಂದುಕೊಂಡಿದ್ದೆ, ಮೂರು ತಿಂಗಳು ಹಿಡಿಯಿತು. ಓದಿದ್ದರಲ್ಲಿ ಮುಖ್ಯವಾದುದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಜೂಜು ಈ ನೆಲಕ್ಕೆ ಹೊಸದೇನಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಕೋರನೊಬ್ಬನ ಗೋಳೇ ಒಂದು ಸೂಕ್ತವಾಗಿದೆ. ಹೆಂಡತಿ ದೂರವಾಗಿದ್ದಾಳೆ, ಅತ್ತೆ ಮುಖ ನೋಡಳು, ಸಾಲ ಕೊಟ್ಟವರಿಗೆ ಹೆದರಿ ರಾತ್ರಿಯ ಹೊತ್ತು ಪರರ ಮನೆ ಸೇರುತ್ತಾನೆ. ಆದರೂ ದಾಳದ ಸದ್ದು ಕಿವಿಗೆ ಬಿದ್ದರೆ ಕಾಲು ನಿಲ್ಲದು. ಗದುಗಿನ ನಾರಣಪ್ಪನ ಭಾರತದಲ್ಲಿ ಸಭಾಪರ್ವದ ದ್ಯೂತವನ್ನು ಕೇಳದ ಕನ್ನಡಿಗರು ಯಾರಿದ್ದಾರೆ? ನಮ್ಮ ಶುಭಸಂದೇಶದಲ್ಲಿ ಶಿಲುಬೆಯ ಬುಡದಲ್ಲೇ ಸೈನಿಕರು ಹೊಲಿಗೆಯಿಲ್ಲದ ಅಂಗಿಗಾಗಿ ಚೀಟಿ ಹಾಕುತ್ತಾರೆ. ಹಾಗೆಂದು ಚೀಟಿ ಎತ್ತುವುದೇ ಪಾಪ ಎನ್ನಲೂ ಬಾರದು. ಯೂದನ ಸ್ಥಾನಕ್ಕೆ ಮತ್ತೀಯನನ್ನು ಪ್ರೇಷಿತರು ಆರಿಸಿದ್ದು ಚೀಟಿ ಹಾಕಿಯೇ.

ಕಾನೂನಿನ ವಿಷಯಕ್ಕೆ ಬಂದರೆ ನಮ್ಮ ಪುರಾತನರು ಎರಡು ಪಂಗಡವಾಗಿ ಒಡೆದಿದ್ದರು. ಮನುವಿನದು ಕಟು ಮಾತು. ದಾಳದಂತಹ ನಿರ್ಜೀವ ವಸ್ತುಗಳಿಂದ ಆಡುವ ದ್ಯೂತವಾಗಲಿ, ಕೋಳಿ ಟಗರುಗಳಂತಹ ಜೀವಿಗಳ ಮೇಲೆ ಕಟ್ಟುವ ಪಣವಾಗಲಿ, ಎರಡನ್ನೂ ಅರಸನು ರಾಜ್ಯದಿಂದಲೇ ಹೊರಗಟ್ಟಬೇಕು ಎನ್ನುತ್ತಾನೆ. ಕೌಟಿಲ್ಯನದು ವ್ಯವಹಾರಸ್ಥನ ಲೆಕ್ಕ. ಅವನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿಯೇ ಇದ್ದಾನೆ. ಜೂಜು ಒಂದೇ ಕಡೆ ನಡೆಯಬೇಕು, ಬೇರೆಡೆ ಆಡಿದವನಿಗೆ 12 ಪಣ ದಂಡ, ಗೆದ್ದ ಹಣದಲ್ಲಿ ನೂರಕ್ಕೆ ಐದು ರಾಜನ ಪಾಲು. ಒಂದೇ ಕಡೆ ಏಕೆ? ಗುಟ್ಟಾಗಿ ಬದುಕುವ ಕಳ್ಳಕಾಕರನ್ನು ಗುರುತು ಹಿಡಿಯಲು. ಯಾಜ್ಞವಲ್ಕ್ಯನೂ ಹೆಚ್ಚುಕಡಿಮೆ ಇದೇ ದಾರಿ ಹಿಡಿದ. ನಮ್ಮ ನಾಡಿನವನೇ ಆದ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ, ಅಂದರೆ 12ನೆಯ ಶತಮಾನದಲ್ಲಿ, ಪಗಡೆ, ಕೋಳಿ ಕಾಳಗ ಮೊದಲಾದವು ಅರಸನ ವಿನೋದಗಳ ಪಟ್ಟಿಯಲ್ಲೇ ಇವೆ.

ನಿಷೇಧಿಸುವುದೋ, ಕಣ್ಣೆದುರೇ ಇಟ್ಟುಕೊಂಡು ತೆರಿಗೆ ಎತ್ತುವುದೋ? ಆ ಜಗಳ ಇಂದಿನವರೆಗೂ ತೀರಿಲ್ಲ. ಕರ್ನಾಟಕದ ಕಳೆದ ನೂರು ವರ್ಷಗಳ ಜೂಜು ಕಾನೂನನ್ನು ಓದಿದವರಿಗೆ ಒಂದೇ ಸರ್ಕಾರದೊಳಗೆ ಮನುವೂ ಕೌಟಿಲ್ಯನೂ ಎದುರುಬದುರು ಕುಳಿತಂತೆ ಕಾಣುತ್ತದೆ.

ಬ್ರಿಟಿಷರು 1867ರಲ್ಲಿ ಸಾರ್ವಜನಿಕ ಜೂಜು ಕಾಯ್ದೆ ತಂದರು. ಅದು ಅನ್ವಯಿಸಿದ್ದು ಉತ್ತರದ ಪ್ರಾಂತ್ಯಗಳಿಗೆ, ಆದರೆ ಅದರ ಎರಡು ವಿಚಾರಗಳು ದೇಶದೆಲ್ಲೆಡೆ ಹಬ್ಬಿದವು. ಮೊದಲನೆಯದು, ಜೂಜಾಡುವವನಿಗಿಂತ ಜೂಜಿನ ಮನೆ ನಡೆಸುವವನೇ ದೊಡ್ಡ ಅಪರಾಧಿ ಎಂಬುದು. ಎರಡನೆಯದು, ಬರೀ ಕೌಶಲದ ಆಟಕ್ಕೆ ಈ ಕಾನೂನು ಅನ್ವಯಿಸದು ಎಂಬ ವಿನಾಯಿತಿ. ಈ ಎರಡನೆಯ ಸಾಲೊಂದೇ ಮುಂದೆ ನ್ಯಾಯಾಲಯಗಳಿಗೆ ಒಂದೂವರೆ ಶತಮಾನದ ಕೆಲಸ ಕೊಟ್ಟಿತು.

ಆಗ ಕನ್ನಡ ಮಾತನಾಡುವ ಜನ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದವರಿಗೆ 1887ರ ಬಾಂಬೆ ಜೂಜು ತಡೆ ಕಾಯ್ದೆ. ಮಂಗಳೂರು ಕಡೆಯವರಿಗೆ ಮದ್ರಾಸಿನ 1930ರ ಕಾಯ್ದೆ. ಬೀದರ್, ಗುಲ್ಬರ್ಗ, ರಾಯಚೂರಿನವರಿಗೆ ನಿಜಾಮರ ಸರ್ಕಾರದ ಫಸಲಿ 1305ರ ಕಾಯ್ದೆ. ಹಳೆಯ ಮೈಸೂರಿನಲ್ಲಿ ಸಂಸ್ಥಾನದ್ದೇ ಪೊಲೀಸ್ ಕಾನೂನು. 1956ರಲ್ಲಿ ನಾಡು ಒಂದಾದ ಮೇಲೆ ಇವೆಲ್ಲವನ್ನೂ ಬದಿಗೆ ಸರಿಸಿ 1963ರ ಮೈಸೂರು ಪೊಲೀಸ್ ಕಾಯ್ದೆ ಬಂತು. 1973ರಲ್ಲಿ ರಾಜ್ಯದ ಹೆಸರು ಬದಲಾದ ಬಳಿಕ ಅದೇ ಕರ್ನಾಟಕ ಪೊಲೀಸ್ ಕಾಯ್ದೆಯಾಯಿತು. ಜೂಜಿಗೆಂದೇ ಪ್ರತ್ಯೇಕ ಕಾನೂನಿಲ್ಲದೆ ಅದನ್ನು ಪೊಲೀಸ್ ಕಾಯ್ದೆಯೊಳಗೇ ಸೇರಿಸಿರುವುದು ಗಮನಿಸಬೇಕಾದ ಸಂಗತಿ.

ಆದರೆ ಇದಕ್ಕೂ ಮೊದಲೇ ಬೆಂಗಳೂರಿನಲ್ಲಿ ಒಂದು ಸ್ವಾರಸ್ಯದ ಘಟನೆ ನಡೆದಿತ್ತು. ನನ್ನ ಓದಿನಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಇದೇ, ಆದುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಆರ್.ಎಂ.ಡಿ. ಚಮಾರ್‌ಬಾಗ್‌ವಾಲಾ ಎಂಬವರು ಪದಬಂಧದ ಬಹುಮಾನ ಸ್ಪರ್ಧೆಗಳನ್ನು ನಡೆಸುತ್ತಿದ್ದರು. ಬಾಂಬೆ ಸರ್ಕಾರ 1948ರಲ್ಲಿ ಲಾಟರಿ ಮತ್ತು ಬಹುಮಾನ ಸ್ಪರ್ಧೆಗಳನ್ನು ನಿಯಂತ್ರಿಸಿ ತೆರಿಗೆ ಹಾಕುವ ಕಾಯ್ದೆ ಮಾಡಿತು. ಅವರು ಸ್ಥಾಪಿಸಿದ 'ಆರ್.ಎಂ.ಡಿ.ಸಿ. (ಮೈಸೂರು)' ಕಂಪನಿಯ ಕಚೇರಿ ಇದ್ದುದು ಬೆಂಗಳೂರಿನ ರೆಸಿಡೆನ್ಸಿ ರಸ್ತೆಯಲ್ಲಿ. 'ಸ್ಪೋರ್ಟಿಂಗ್ ಸ್ಟಾರ್' ಎಂಬ ವಾರಪತ್ರಿಕೆ ಬೆಂಗಳೂರಿನಲ್ಲಿ ಅಚ್ಚಾಗುತ್ತಿತ್ತು. ಅದರೊಳಗಿನ ಪದಬಂಧದ ಕೂಪನ್ನುಗಳು ಬಾಂಬೆ ರಾಜ್ಯದ ಮನೆಮನೆಗಳಿಂದ ಪ್ರವೇಶ ಶುಲ್ಕದೊಂದಿಗೆ ಇಲ್ಲಿಗೆ ಬರುತ್ತಿದ್ದವು. ಮೈಸೂರು ಸರ್ಕಾರ ಅವರನ್ನು ಓಡಿಸಲಿಲ್ಲ. 1951ರಲ್ಲಿ ಬಾಂಬೆಯದನ್ನೇ ಬಹುಪಾಲು ಅನುಸರಿಸಿದ ಕಾನೂನೊಂದನ್ನು ಮಾಡಿ, ಪರವಾನಗಿ ಕೊಟ್ಟು, ನೂರಕ್ಕೆ 15ರಂತೆ ತೆರಿಗೆ ವಸೂಲು ಮಾಡಿತು. ಕೌಟಿಲ್ಯ ಇದ್ದಿದ್ದರೆ ತಲೆದೂಗುತ್ತಿದ್ದ.

ಬಾಂಬೆ ಸುಮ್ಮನಿರಲಿಲ್ಲ. 1952ರಲ್ಲಿ ತನ್ನ ಕಾಯ್ದೆಯನ್ನು ತಿದ್ದಿ, ರಾಜ್ಯದ ಹೊರಗೆ ಅಚ್ಚಾಗುವ ಪತ್ರಿಕೆಗಳ ಸ್ಪರ್ಧೆಗಳಿಗೂ ಬಲೆ ಬೀಸಿತು. ಕಂಪನಿ ನ್ಯಾಯಾಲಯಕ್ಕೆ ಹೋಯಿತು. ಬಾಂಬೆ ಉಚ್ಚ ನ್ಯಾಯಾಲಯದಲ್ಲಿ ಗೆದ್ದಿತು. ಸರ್ಕಾರ ಸರ್ವೋಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಿತು. ಸಂವಿಧಾನ ಪ್ರತಿಯೊಬ್ಬ ಪ್ರಜೆಗೂ ವ್ಯಾಪಾರ ಮಾಡುವ ಹಕ್ಕು ಕೊಟ್ಟಿದೆಯಲ್ಲ, ಪದಬಂಧದ ಸ್ಪರ್ಧೆಯೂ ವ್ಯಾಪಾರವೇ ಅಲ್ಲವೇ, ಎಂಬುದು ಕಂಪನಿಯ ವಾದ. ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಪದಬಂಧ ಬಿಡಿಸಲು ಬುದ್ಧಿ ಬೇಕೇ ಬೇಕು. ಆದರೆ ಈ ಸ್ಪರ್ಧೆಯಲ್ಲಿ ಸರಿಯುತ್ತರವೆಂದರೆ ಸಂಘಟಕರು ಮೊದಲೇ ಮುಚ್ಚಿಟ್ಟಿದ್ದ ಉತ್ತರ. ಒಂದು ಸುಳುಹಿಗೆ ಎರಡು ಪದಗಳು ಸಮನಾಗಿ ಹೊಂದಿದರೂ ಲಕೋಟೆಯೊಳಗಿನ ಪದವನ್ನೇ ಊಹಿಸಿದವನಿಗೆ ಹಣ. ಅಲ್ಲಿ ಪಾಂಡಿತ್ಯಕ್ಕೇನು ಬೆಲೆ?

1957ರ ಏಪ್ರಿಲ್ 9ರಂದು ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ತೀರ್ಪು ಬರೆದರು. ಋಗ್ವೇದದ ಜೂಜುಕೋರನಿಂದ ಆರಂಭಿಸಿ ಮಹಾಭಾರತ, ಮನು, ಯಾಜ್ಞವಲ್ಕ್ಯರನ್ನೆಲ್ಲ ಸಾಕ್ಷಿಗೆ ಕರೆದರು. ಜೂಜು ವ್ಯಾಪಾರವೇ ಅಲ್ಲ, ಅದಕ್ಕೆ ಸಂವಿಧಾನದ ರಕ್ಷಣೆ ಇಲ್ಲ ಎಂದರು. ಅಂದೇ ಪ್ರಕಟವಾದ ಇನ್ನೊಂದು ತೀರ್ಪಿನಲ್ಲಿ ಕೇಂದ್ರದ 1955ರ ಬಹುಮಾನ ಸ್ಪರ್ಧೆಗಳ ಕಾಯ್ದೆಯನ್ನು ಪರಿಶೀಲಿಸಿ, ಬಹುಪಾಲು ಕೌಶಲವನ್ನೇ ಅವಲಂಬಿಸಿದ ಸ್ಪರ್ಧೆ ಜೂಜಲ್ಲ ಎಂದು ಗೆರೆ ಎಳೆಯಲಾಯಿತು. ಒಂದೇ ದಿನ, ಒಂದೇ ಪಕ್ಷಕಾರರ ಪ್ರಕರಣಗಳಲ್ಲಿ, ಒಂದು ಬಾಗಿಲು ಮುಚ್ಚಿತು, ಇನ್ನೊಂದು ಅರೆಯಾಗಿ ತೆರೆದಿತ್ತು. ಆ ಅರೆ ತೆರೆದ ಬಾಗಿಲಿನಿಂದಲೇ 1967ರಲ್ಲಿ ರಮ್ಮಿ ಹೊರಬಂತು. ಆಂಧ್ರದ ಪ್ರಕರಣವೊಂದರಲ್ಲಿ ರಮ್ಮಿ ಆಟ ಮುಖ್ಯವಾಗಿ ಕೌಶಲದ್ದು ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ನಮ್ಮ ಊರುಗಳ 'ರಿಕ್ರಿಯೇಶನ್ ಕ್ಲಬ್'ಗಳು ಈ ತೀರ್ಪನ್ನೇ ನೆಚ್ಚಿಕೊಂಡು ಬಂದವು.

ಈಗ ಲಾಟರಿಯ ಮಾತು. ಕೇರಳ 1967ರಲ್ಲಿ ರಾಜ್ಯ ಲಾಟರಿ ಆರಂಭಿಸಿ ದಾರಿ ತೋರಿಸಿತು. ಮೈಸೂರು ರಾಜ್ಯವೂ ಹಿಂದೆ ಬೀಳಲಿಲ್ಲ. ರಸ್ತೆಬದಿಯಲ್ಲಿ ಒಬ್ಬ ಮೂರೆಲೆ ಆಡಿಸಿದರೆ ಪೊಲೀಸರು ಹಿಡಿದೊಯ್ಯುತ್ತಿದ್ದರು, ಪಕ್ಕದಲ್ಲೇ ಸರ್ಕಾರದ ಮುದ್ರೆಯಿರುವ ಚೀಟಿ ಮಾರುವವನು ಮೈಕಿನಲ್ಲಿ "ನಾಳೆ ಡ್ರಾ, ನಾಳೆ ಡ್ರಾ" ಎಂದು ಕೂಗುತ್ತಿದ್ದ. ಸಣ್ಣ ಉಳಿತಾಯಕ್ಕೂ ರಾಜ್ಯ ಲಾಟರಿಗೂ ಸರ್ಕಾರದಲ್ಲಿ ಒಂದೇ ಇಲಾಖೆ ಇತ್ತು. ಈ ಜೋಡಿಯನ್ನು ನೆನೆದಾಗಲೆಲ್ಲ ನನಗೆ ನಗುವೂ ಬರುತ್ತದೆ, ಅಳುವೂ ಬರುತ್ತದೆ.

ಅಳು ಏಕೆಂದರೆ, ನಮ್ಮ ಬೀದಿಯಲ್ಲಿ ಗಿರಣಿ ಕಾರ್ಮಿಕರೊಬ್ಬರಿದ್ದರು. ಕುಡಿಯುತ್ತಿರಲಿಲ್ಲ, ಬೀಡಿ ಸೇದುತ್ತಿರಲಿಲ್ಲ, ಭಾನುವಾರದ ಬಲಿಪೂಜೆ ತಪ್ಪಿಸುತ್ತಿರಲಿಲ್ಲ. ಸಂಬಳದ ದಿನ ಮಾತ್ರ ಲಾಟರಿ ಅಂಗಡಿಯ ಮುಂದೆ ನಿಲ್ಲುತ್ತಿದ್ದರು. ಮೊದಮೊದಲು ತಿಂಗಳಿಗೆ ಎರಡು ಚೀಟಿ. ಆಮೇಲೆ ಕಂಪ್ಯೂಟರ್ ಲಾಟರಿ ಬಂತು. ಗಂಟೆಗಂಟೆಗೂ ಫಲಿತಾಂಶ. ವಾರಪೂರ್ತಿ ಕಾಯುವ ಚೀಟಿಯಲ್ಲಿ ಮನುಷ್ಯನಿಗೆ ಯೋಚಿಸಲು ಒಂದು ವಾರವಾದರೂ ಇತ್ತು, ಇಲ್ಲಿ ಅದೂ ಇಲ್ಲ. ಅವರು ತೀರಿಹೋದ ಮೇಲೆ ಹೆಂಡತಿ ಅಕ್ಕಿ ಡಬ್ಬದ ಹಿಂದಿನಿಂದ ಒಂದು ಬಿಸ್ಕತ್ತಿನ ತಗಡಿನ ಪೆಟ್ಟಿಗೆ ತೆಗೆದು ನಮಗೆ ತೋರಿಸಿದರು. ಅದರ ತುಂಬ ಹಳೆಯ ಚೀಟಿಗಳು, ತಾರೀಕಿನ ಪ್ರಕಾರ ಕಟ್ಟಿದ ಕಟ್ಟುಗಳು. ಒಂದನ್ನೂ ಎಸೆದಿರಲಿಲ್ಲ. ಮಗಳ ಓಲೆ ಎಲ್ಲಿ ಹೋಯಿತೆಂದು ಆ ತಾಯಿ ಹತ್ತು ವರ್ಷ ಹುಡುಕಿದ್ದರಂತೆ.

ಇದು ಒಂದು ಮನೆಯ ಮಾತಲ್ಲ. 1998ರಲ್ಲಿ ಸಂಸತ್ತು ಲಾಟರಿ ನಿಯಂತ್ರಣ ಕಾಯ್ದೆ ಮಾಡಿತು. ಅದರ 5ನೆಯ ಕಲಮಿನಂತೆ ಒಂದು ರಾಜ್ಯ ತನ್ನ ಗಡಿಯೊಳಗೆ ಬೇರೆ ರಾಜ್ಯಗಳ ಲಾಟರಿಯನ್ನು ನಿಷೇಧಿಸಬಹುದು. ಇಲ್ಲೊಂದು ಗಂಟಿದೆ. 1999ರಲ್ಲಿ ಬಿ.ಆರ್. ಎಂಟರ್‌ಪ್ರೈಸಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಎರಡು ಮಾತು ಹೇಳಿತು. ಸರ್ಕಾರವೇ ನಡೆಸಿದರೂ ಲಾಟರಿ ಜೂಜೇ. ಪರರಾಜ್ಯದ ಲಾಟರಿಯನ್ನು ಮುಚ್ಚಿಸಬೇಕೆನ್ನುವ ರಾಜ್ಯ ಮೊದಲು ತನ್ನ ಲಾಟರಿಯನ್ನು ಮುಚ್ಚಬೇಕು. ನಮ್ಮದು ಬಿಟ್ಟು ಪಕ್ಕದವರದನ್ನು ಮಾತ್ರ ತಡೆಯುವ ಹಾಗಿಲ್ಲ.

ಈಶಾನ್ಯದ ಸಣ್ಣ ರಾಜ್ಯಗಳ ಹೆಸರಿನಲ್ಲಿ ಖಾಸಗಿ ಏಜೆಂಟರು ನಡೆಸುವ ಲಾಟರಿಗಳು ಕರ್ನಾಟಕದ ಪಟ್ಟಣಗಳನ್ನೆಲ್ಲ ತುಂಬಿದ್ದ ಕಾಲವದು. ಸರ್ಕಾರ ಮೊದಲು ಕೌಟಿಲ್ಯನ ದಾರಿ ಹಿಡಿಯಿತು. 2004ರಲ್ಲಿ ಲಾಟರಿ ತೆರಿಗೆ ಕಾಯ್ದೆ ಮಾಡಿ ಪ್ರತಿ ಡ್ರಾಕ್ಕೂ ತೆರಿಗೆ ಹಾಕಿತು. ಮೂರು ವರ್ಷ ಕಳೆಯುವಷ್ಟರಲ್ಲಿ ಮನುವಿನ ದಾರಿಗೆ ಹೊರಳಿತು. ಎಚ್.ಡಿ. ಕುಮಾರಸ್ವಾಮಿಯವರ ಸಮ್ಮಿಶ್ರ ಸರ್ಕಾರ 2007ರ ಏಪ್ರಿಲ್ 1ರಿಂದ ಎಲ್ಲ ಲಾಟರಿಗಳನ್ನೂ ನಿಷೇಧಿಸಿತು, ತನ್ನದನ್ನೂ ಸೇರಿಸಿ. ಅದೇ ವರ್ಷ ಜುಲೈ 1ರಿಂದ ಸಾರಾಯಿಯೂ ನಿಂತಿತು. ಬಡವರ ಮನೆಯ ಎರಡು ತೂತುಗಳನ್ನು ಒಂದೇ ವರ್ಷ ಮುಚ್ಚಿದ್ದು ಸಣ್ಣ ಕೆಲಸವಲ್ಲ. ಖಜಾನೆಗೆ ಬರುತ್ತಿದ್ದ ಹಣ ಬಿಡಲು ಯಾವ ಸರ್ಕಾರಕ್ಕೂ ಸುಲಭವಲ್ಲ. ಅಂದು ಆಳುತ್ತಿದ್ದವರ ರಾಜಕೀಯ ಒಪ್ಪದವರೂ ಇದನ್ನು ಒಪ್ಪಬೇಕು.

ಇನ್ನು 2004ರ ತೆರಿಗೆಯ ವ್ಯಾಜ್ಯ ಲಾಟರಿ ಸತ್ತ ಮೇಲೂ ಬದುಕಿತ್ತು. ನಮ್ಮ ಉಚ್ಚ ನ್ಯಾಯಾಲಯ ಆ ಕಾಯ್ದೆಯನ್ನು ರದ್ದು ಮಾಡಿತು. 2022ರ ಮಾರ್ಚ್ 23ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ಮತ್ತೆ ಎತ್ತಿಹಿಡಿಯಿತು. ಲಾಟರಿ ನಿಂತು ಹದಿನೈದು ವರ್ಷದ ಬಳಿಕ ಅದಕ್ಕೆ ತೆರಿಗೆ ಹಾಕುವ ಅಧಿಕಾರ ರಾಜ್ಯಕ್ಕಿತ್ತು ಎಂದು ತೀರ್ಮಾನವಾಯಿತು!

ನಿಷೇಧದಿಂದ ಜೂಜು ನಿಂತಿತೇ? ಪತ್ರಿಕೆಯ ಅಪರಾಧ ಪುಟ ನೋಡಿ. 'ಓ.ಸಿ. ಮಟ್ಕಾ ಬರೆಯುತ್ತಿದ್ದವನ ಬಂಧನ' ಎಂಬ ಸುದ್ದಿ ಇಲ್ಲದ ವಾರ ಅಪರೂಪ. ಓ.ಸಿ. ಎಂದರೆ ಓಪನ್ ಮತ್ತು ಕ್ಲೋಸ್. ನ್ಯೂಯಾರ್ಕಿನ ಹತ್ತಿ ಮಾರುಕಟ್ಟೆಯ ಆರಂಭದ ಮತ್ತು ಮುಕ್ತಾಯದ ದರಗಳು ತಂತಿಯಲ್ಲಿ ಬಾಂಬೆಗೆ ಬರುತ್ತಿದ್ದ ಕಾಲದಲ್ಲಿ ಆ ಅಂಕಿಗಳ ಮೇಲೆ ಪಣ ಕಟ್ಟುತ್ತಿದ್ದರು. 1960ರ ದಶಕದಲ್ಲಿ ಆ ದರಗಳು ಬರುವುದು ನಿಂತಾಗ ಮಡಕೆಯಿಂದ ಚೀಟಿ ಎತ್ತತೊಡಗಿದರು, ಅದಕ್ಕೇ ಮಟ್ಕಾ. ಹತ್ತಿ ಹೋಯಿತು, ಮಡಕೆಯೂ ಹೋಯಿತು, ಓ.ಸಿ. ಎಂಬ ಹೆಸರು ಮಾತ್ರ ಉತ್ತರ ಕರ್ನಾಟಕದ ಚಹಾದಂಗಡಿಯವರೆಗೂ ಬಂದು ಉಳಿಯಿತು. ಅದನ್ನು ಹಿಡಿಯುವುದು ಪೊಲೀಸ್ ಕಾಯ್ದೆಯ 78ನೆಯ ಕಲಮು, ಬೀದಿಯ ಅಂದರ್ ಬಾಹರ್‌ಗೆ 87ನೆಯದು. ಸಿಕ್ಕಿಬೀಳುವವನು ಹೆಚ್ಚಾಗಿ ಚೀಟಿ ಬರೆಯುವ ಹುಡುಗ, ದೊಡ್ಡವರು ದೂರದಲ್ಲೆಲ್ಲೋ ಇರುತ್ತಾರೆ. 2015ರಲ್ಲಿ ಒಂದಂಕಿ ಲಾಟರಿಯ ಜಾಲ ಬಯಲಾದಾಗ ಪೊಲೀಸ್ ಇಲಾಖೆಯೊಳಗಿನವರ ಮೇಲೆಯೇ ಅನುಮಾನದ ಬೆರಳು ತಿರುಗಿ, ತನಿಖೆಯನ್ನು ಸಿ.ಬಿ.ಐ.ಗೆ ಒಪ್ಪಿಸಬೇಕಾಯಿತು. ಯುಗಾದಿಯ ಮರುದಿನ ವರ್ಷದ ತೊಡಕಿನಂದು ಮಂಡ್ಯ, ಹಾಸನದ ಕಡೆ ಎಲೆ ಹಾಕುವವರನ್ನೆಲ್ಲ ಹಿಡಿಯಹೊರಟರೆ ಠಾಣೆಗಳು ಸಾಲವು, ಅದು ಬೇರೆ ಮಾತು.

ಲಾಟರಿ ಬೇಕೆನ್ನುವವರು ಗಡಿ ದಾಟುತ್ತಾರೆ. ಕೇರಳದ ಲಾಟರಿ ಇಂದಿಗೂ ನಡೆಯುತ್ತಿದೆ. 2024ರ ಓಣಂ ಬಂಪರಿನ 25 ಕೋಟಿ ರೂಪಾಯಿ ಬಂದದ್ದು ಕರ್ನಾಟಕದವರೊಬ್ಬರಿಗೆ.

ಮೊಬೈಲ್ ಬಂದ ಮೇಲೆ ಗಡಿ ದಾಟುವ ಅಗತ್ಯವೂ ಉಳಿಯಲಿಲ್ಲ. ರಮ್ಮಿ, ಕ್ರಿಕೆಟ್ ತಂಡ ಕಟ್ಟುವ ಆಟ, ಎಲ್ಲವೂ ಅಂಗೈಯಲ್ಲಿ. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. ಅಕ್ಟೋಬರ್ 5ರಂದು ಜಾರಿಗೆ ಬಂದ ಆ ತಿದ್ದುಪಡಿಯಲ್ಲಿ ಹಣ ಪಣವಿಟ್ಟ ಆನ್‌ಲೈನ್ ಆಟಗಳೆಲ್ಲ, ಕೌಶಲದವೂ ಸೇರಿ, ಜೂಜೆನಿಸಿದವು. ಶಿಕ್ಷೆ ಹೆಚ್ಚಿತು, ಜಾಮೀನೂ ಇಲ್ಲ. ಕಂಪನಿಗಳು ಉಚ್ಚ ನ್ಯಾಯಾಲಯಕ್ಕೆ ಓಡಿದವು. ಈ ಕಂಪನಿಗಳಲ್ಲಿ ಹಲವು ಬೆಂಗಳೂರಿನವೇ, ನೂರಾರು ಯುವಕರಿಗೆ ಕೆಲಸ ಕೊಟ್ಟಿದ್ದವು. 2022ರ ಫೆಬ್ರವರಿ 14ರಂದು ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ ಆ ಕಲಮುಗಳನ್ನು ರದ್ದುಗೊಳಿಸಿತು. ಆಧಾರ? 1957ರ ಆ ಅರೆ ತೆರೆದ ಬಾಗಿಲೇ. ಕೌಶಲದ ಆಟಕ್ಕೆ ಹಣ ಹಚ್ಚಿದ ಮಾತ್ರಕ್ಕೆ ಅದು ಜೂಜಾಗದು, ಸಂವಿಧಾನ ರಾಜ್ಯಗಳಿಗೆ ಕೊಟ್ಟಿರುವ ಅಧಿಕಾರ 'ಪಣ ಮತ್ತು ಜೂಜಿನ' ಮೇಲೆ ಮಾತ್ರ ಎಂದಿತು ಪೀಠ.

ತರ್ಕ ಸರಿಯಿರಬಹುದು. ಆದರೆ ನನಗೊಂದು ಸಂಶಯ ಉಳಿದಿದೆ. ಆಟದಲ್ಲಿ ಕೌಶಲವಿದೆಯೋ ಅದೃಷ್ಟವಿದೆಯೋ ಎಂದು ನಾವು ಕೇಳುತ್ತಲೇ ಬಂದಿದ್ದೇವೆ. ಸೋತವನ ಮನೆಯಲ್ಲಿ ಈ ವ್ಯತ್ಯಾಸಕ್ಕೆ ಏನು ಅರ್ಥ? ಶ್ರೀಸಭೆಯ ಧರ್ಮೋಪದೇಶ ಗ್ರಂಥ ಅಳೆಯುವುದು ಬೇರೆಯೇ ಕೋಲಿನಿಂದ. ಅದೃಷ್ಟದ ಆಟ ತನ್ನಷ್ಟಕ್ಕೆ ಅನ್ಯಾಯವಲ್ಲ, ತನ್ನ ಮತ್ತು ತನ್ನವರ ಅಗತ್ಯಕ್ಕೆ ಬೇಕಾದುದನ್ನು ಅದು ಕಸಿದುಕೊಂಡಾಗ ತಪ್ಪಾಗುತ್ತದೆ ಎನ್ನುತ್ತದೆ ಅದು. ಅಲ್ಲಿ ಲೆಕ್ಕಕ್ಕೆ ಬರುವುದು ದಾಳವಲ್ಲ, ಅಕ್ಕಿ ಡಬ್ಬ. ನ್ಯಾಯಾಲಯಕ್ಕೆ ಅಕ್ಕಿ ಡಬ್ಬ ನೋಡುವ ಕಲಮಿಲ್ಲ, ಅದು ಅವರ ದೋಷವೂ ಅಲ್ಲ.

2025ರ ಆಗಸ್ಟಿನಲ್ಲಿ ಸಂಸತ್ತು ಈ ಗೆರೆಯನ್ನೇ ಅಳಿಸಿತು. ಎರಡೇ ದಿನಗಳಲ್ಲಿ ಎರಡೂ ಸದನಗಳು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆಗೆ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಣದ ಆನ್‌ಲೈನ್ ಆಟ ಕೌಶಲದ್ದಿರಲಿ, ಅದೃಷ್ಟದ್ದಿರಲಿ, ನಡೆಸುವವನಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡಿದವನಿಗೆ ಶಿಕ್ಷೆಯಿಲ್ಲ. ಇದನ್ನು ಪ್ರಶ್ನಿಸಿ ನಮ್ಮ ಉಚ್ಚ ನ್ಯಾಯಾಲಯವೂ ಸೇರಿದಂತೆ ಬೇರೆಬೇರೆ ಕಡೆ ಹೂಡಿದ ಅರ್ಜಿಗಳನ್ನು ಸರ್ವೋಚ್ಚ ನ್ಯಾಯಾಲಯ ಅದೇ ಸೆಪ್ಟೆಂಬರಿನಲ್ಲಿ ತನ್ನಲ್ಲಿಗೆ ತರಿಸಿಕೊಂಡಿತು.

ಇಷ್ಟೆಲ್ಲ ಬಿರುಗಾಳಿಯಲ್ಲೂ ಅಲುಗದೆ ನಿಂತ ಪ್ರಾಣಿಯೊಂದಿದೆ. ಕುದುರೆ. 1872ರ ಕರಾರು ಕಾಯ್ದೆ ಪಣದ ಕರಾರುಗಳೆಲ್ಲ ಅನೂರ್ಜಿತ ಎಂದಾಗಲೂ, 500 ರೂಪಾಯಿಗೆ ಕಡಿಮೆಯಿಲ್ಲದ ಕುದುರೆ ರೇಸಿನ ಬಹುಮಾನಕ್ಕೆ ವಿನಾಯಿತಿ ಕೊಟ್ಟಿತ್ತು. ಮೈಸೂರು ರೇಸ್ ಕ್ಲಬ್ 1891ರದು. 1952ರಲ್ಲಿ ರೇಸಿಗೆಂದೇ ಪರವಾನಗಿ ಕಾಯ್ದೆ ಬಂತು. 1963ರ ಪೊಲೀಸ್ ಕಾಯ್ದೆಯ ವ್ಯಾಖ್ಯೆಯಲ್ಲಿ ರೇಸಿನ ದಿನ, ಪರವಾನಗಿ ಪಡೆದ ಆವರಣದೊಳಗೆ ಕಟ್ಟುವ ಪಣ ಜೂಜಲ್ಲ. 1996ರಲ್ಲಿ ತಮಿಳುನಾಡಿನ ಪ್ರಕರಣದಲ್ಲಿ ರೇಸು ಕೌಶಲದ ಆಟವೆಂದು ಸರ್ವೋಚ್ಚ ನ್ಯಾಯಾಲಯವೇ ಹೇಳಿತು. 2021ರ ಕಠಿಣ ತಿದ್ದುಪಡಿಯೂ ಕುದುರೆಯನ್ನು ಮುಟ್ಟಲಿಲ್ಲ. ಮೂರೆಲೆ ಬಡವನದು, ಕುದುರೆ ದೊಡ್ಡವರದು ಎಂದು ಯಾರಾದರೂ ಗೊಣಗಿದರೆ ಉತ್ತರ ಕೊಡುವುದು ಕಷ್ಟ. ಇದ್ದುದರಲ್ಲಿ ತೆರಿಗೆ ಮಾತ್ರ ಅದನ್ನೂ ಬಿಟ್ಟಿಲ್ಲ. 2025ರ ಸೆಪ್ಟೆಂಬರ್ 22ರಿಂದ ರೇಸು, ಲಾಟರಿಗಳ ಮೇಲಿನ ಜಿ.ಎಸ್.ಟಿ. ನೂರಕ್ಕೆ 28ರಿಂದ 40ಕ್ಕೆ ಏರಿತು. ಕೌಟಿಲ್ಯ ಐದಕ್ಕೇ ತೃಪ್ತನಾಗಿದ್ದ.

ಈಗ ಆ ಹುಡುಗಿಯ ಪ್ರಶ್ನೆ. 1870ರಲ್ಲಿ ಭಾರತೀಯ ದಂಡ ಸಂಹಿತೆಗೆ 294ಎ ಎಂಬ ಕಲಮು ಸೇರಿತು. ಸರ್ಕಾರದ ಅನುಮತಿಯಿಲ್ಲದ ಲಾಟರಿಗೆ ಕಚೇರಿ ಇಟ್ಟರೆ ಆರು ತಿಂಗಳವರೆಗೆ ಸೆರೆ, ಅಥವಾ ದಂಡ, ಅಥವಾ ಎರಡೂ. ಚೀಟಿ ಸಂಖ್ಯೆಯ ಆಧಾರದಲ್ಲಿ ಹಣವನ್ನೋ ವಸ್ತುವನ್ನೋ ಕೊಡುತ್ತೇವೆಂದು ಪ್ರಕಟಿಸಿದರೂ ದಂಡ. 2024ರ ಜುಲೈ 1ರಿಂದ ಹಳೆಯ ಸಂಹಿತೆಯ ಬದಲು ನ್ಯಾಯ ಸಂಹಿತೆ ಬಂದಿದೆ, ಅಲ್ಲಿ ಇದು 297ನೆಯ ಕಲಮು. ದೇವಾಲಯದ ಹಬ್ಬಕ್ಕೆ, ಜಾತ್ರೆಗೆ, ಶಾಲೆಯ ವಾರ್ಷಿಕೋತ್ಸವಕ್ಕೆ ಎಂಬ ವಿನಾಯಿತಿ ಆ ಕಲಮಿನಲ್ಲಿ ಬರೆದಿಲ್ಲ. ಫ್ರಿಜ್ಜು 'ವಸ್ತು' ಹೌದೋ ಅಲ್ಲವೋ ಎಂದು ಕೇಳಬೇಕಾಗಿಯೂ ಇಲ್ಲ.

ಇದನ್ನೆಲ್ಲ ಎರಡು ಹಾಳೆಯಲ್ಲಿ ಬರೆದು ಗುರುಗಳ ಕೈಗಿತ್ತೆ. ಓದಿ ಸುಮ್ಮನಾದರು. ಈ ಸಲದ ಸಭೆಗೆ ವಕೀಲರೊಬ್ಬರನ್ನೂ ಕರೆದಿದ್ದಾರೆ. ಚೀಟಿ ಪುಸ್ತಕಗಳು ಇನ್ನೂ ಅಚ್ಚಿಗೆ ಹೋಗಿಲ್ಲ.